ಚಾಡಿ ಯಾವುದು, ವರದಿ ಯಾವುದು? – ಒಂದು ಮೇಳ ಕಲಿಸಿದ ಪಾಠ

 

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿನ ವಾಣಿಜ್ಯ ಮೇಳ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಪೋಸ್ಟರ್‌ನಲ್ಲಿ ಹನ್ನೊಂದು ಮಳಿಗೆ ಎಂದು ಬರೆದಿತ್ತು. ವರಾಂಡದಲ್ಲಿ ಇದ್ದದ್ದು ಏಳು. ಉಳಿದ ನಾಲ್ಕು ಎಲ್ಲಿ ಹೋದವು ಎಂದು ತುಂಬಾ ಜನ ಕೇಳಿದ್ದೀರಿ. ಮೇಳದ ವಿದ್ಯಾರ್ಥಿ ಸಂಚಾಲಕಿ ನಾನೇ ಆಗಿದ್ದೆ. ಆಗ ಏನೋ ಒಂದು ಸಬೂಬು ಹೇಳಿ ತಪ್ಪಿಸಿಕೊಂಡೆ. ಈಗ ಸರಿಯಾದ ಉತ್ತರ ಬರೆಯುತ್ತಿದ್ದೇನೆ. ಜೊತೆಗೆ, ಸಭೆ ಹೇಗೆ ನಡೆಸಬೇಕು, ಕೆಲಸದಲ್ಲಿ ತೊಂದರೆ ಬಂದಾಗ ಅದನ್ನು ಮೇಲಿನವರಿಗೆ ಹೇಗೆ ತಲುಪಿಸಬೇಕು ಎಂದು ಆಮೇಲೆ ಕಲಿತದ್ದನ್ನೂ ಬರೆಯುತ್ತೇನೆ. ಕಂಪನಿಗಳಲ್ಲಿ ಇದಕ್ಕೆ ಎಸ್ಕಲೇಶನ್ ಎನ್ನುತ್ತಾರೆ. ಮುಂದಿನ ವರ್ಷ ಮೇಳ ನಡೆಸುವವರಿಗೆ ಇದು ಉಪಯೋಗವಾದರೆ ಸಾಕು.

ನಡೆದದ್ದು ಏನು?

ಒಂದು ಮಳಿಗೆಗೆ 500 ರೂಪಾಯಿ ಎಂದು ಗೊತ್ತು ಮಾಡಿದ್ದೆವು. ಹನ್ನೊಂದು ಮಳಿಗೆಗೆ 5,500 ರೂಪಾಯಿ. ಶಾಮಿಯಾನ ಮತ್ತು ಟೇಬಲ್‌ಗೆ 5,000 ರೂಪಾಯಿ ಮುಂಗಡವನ್ನು ಮೇಳಕ್ಕೆ ಹತ್ತು ದಿನ ಮೊದಲೇ ಕೊಡಬೇಕಿತ್ತು. ಕೊಡದಿದ್ದರೆ ಬುಕಿಂಗ್ ಖಚಿತವಿಲ್ಲ ಎಂದು ಶಾಮಿಯಾನದವರು ಮೊದಲೇ ಹೇಳಿದ್ದರು. ಆದರೆ ನಾಲ್ಕು ಗುಂಪಿನವರು ಹಣ ಕೊಟ್ಟಿರಲಿಲ್ಲ. ನಮ್ಮ ಖಜಾಂಚಿಯ ಕೈಯಲ್ಲಿ ಇದ್ದದ್ದು 3,500 ರೂಪಾಯಿ ಮಾತ್ರ.

ಅವಳು ಇದನ್ನು ಮುಚ್ಚಿಡಲಿಲ್ಲ. ಎರಡನೇ ಸಭೆಯಲ್ಲಿ ಎದ್ದು ನಿಂತು, "ನಾಲ್ಕು ಗುಂಪಿನವರದ್ದು ಬಾಕಿ ಇದೆ, ಅವರು…" ಎಂದು ಶುರು ಮಾಡಿದಳು. ಬಾಕಿ ಇದ್ದವರಲ್ಲಿ ಎರಡು ಗುಂಪು ನನ್ನ ಹತ್ತಿರದ ಗೆಳತಿಯರದ್ದು. ನಾನು ನಡುವೆಯೇ ಬಾಯಿ ಹಾಕಿ, "ಹೆಸರು ಹೇಳ್ತಾ ಚುಗ್ಲಿ ಮಾಡಬೇಡ, ಕೊಡ್ತಾರೆ ಬಿಡು" ಎಂದೆ. ಎಲ್ಲರೂ ನಕ್ಕರು. ಅವಳು ಕುಳಿತುಕೊಂಡಳು.

ನಮ್ಮ ಮನೆಮಾತು ಉರ್ದು. ಚುಗ್ಲಿ ಎಂದರೆ ಚಾಡಿ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿ ಜಗಳ ಹಚ್ಚುವುದು. ಚಿಕ್ಕಂದಿನಿಂದ ಅಮ್ಮಿ, ದಾದಿ ಎಲ್ಲರೂ ಅದು ದೊಡ್ಡ ಗುನಾಹ್ ಎಂದೇ ನಮಗೆ ಕಲಿಸಿದ್ದಾರೆ. ಅಂಥ ಶಬ್ದವನ್ನು ಇಪ್ಪತ್ತು ಜನರ ಎದುರು ಅವಳ ತಲೆಗೆ ಕಟ್ಟಿದೆ. ಆಮೇಲೆ ಅವಳು ಹಣದ ವಿಷಯ ಎತ್ತಲೇ ಇಲ್ಲ. ಕಡಿಮೆ ಬಿದ್ದ ಹಣ ತಾನೇ ಹಾಕೋಣ ಎಂದು ಅಣ್ಣನ ಹತ್ತಿರ ಸಾಲ ಕೇಳಿದ್ದಳಂತೆ. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮೇಳ ಇದ್ದದ್ದು ಶನಿವಾರ. ಗುರುವಾರ ಸಂಜೆ ಟೇಬಲ್ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಲು ಫೋನ್ ಮಾಡಿದೆ. ಮುಂಗಡ ಬರದ ಕಾರಣ ಎಲ್ಲವನ್ನೂ ಒಂದು ಮದುವೆಗೆ ಕೊಟ್ಟಾಗಿದೆ ಎಂದರು. ಅವರ ತಪ್ಪಿರಲಿಲ್ಲ. ಮದುವೆ ಸೀಸನ್ ಆದ್ದರಿಂದ ಬೇರೆ ಕಡೆಯೂ ಸಿಗಲಿಲ್ಲ. ಕೊನೆಗೆ ಕ್ಲಾಸಿನ ಡೆಸ್ಕ್‌ಗಳನ್ನು ವರಾಂಡಕ್ಕೆ ಎಳೆದು ಜೋಡಿಸಿದೆವು. ಏಳು ಮಳಿಗೆಗೆ ಮಾತ್ರ ಜಾಗ ಆಯಿತು. ಕೊನೆಗೆ ಹೆಸರು ಕೊಟ್ಟ ನಾಲ್ಕು ಗುಂಪುಗಳನ್ನು ಬಿಟ್ಟೆವು. ಅದರಲ್ಲಿ ಎರಡು ಗುಂಪಿನವರು ಸರಿಯಾದ ಸಮಯಕ್ಕೆ ಹಣ ಕೊಟ್ಟವರು.

ಶುಕ್ರವಾರ ರಾತ್ರಿ ವಾಟ್ಸಾಪ್ ಗ್ರೂಪ್‌ನಲ್ಲಿ "ನಿಮ್ಮ ಮಳಿಗೆ ಇಲ್ಲ, ಕ್ಷಮಿಸಿ" ಎಂದು ಹಾಕಿ ಮಲಗಿದೆ. ಸಿದ್ದಾಪುರ ಕಡೆಯ ಪ್ರಥಮ ಪಿಯು ಹುಡುಗಿಯರ ಊರಿನಲ್ಲಿ ಆ ರಾತ್ರಿ ನೆಟ್‌ವರ್ಕ್ ಇರಲಿಲ್ಲ. ಅವರು ಬೆಳಗಿನ ಮೊದಲ ಬಸ್ಸಿಗೆ ಒಂದು ಡಬ್ಬಿ ತೊಡದೇವು, ಎರಡು ಕ್ಯಾನ್ ಮುರುಗಲು ಶರಬತ್ತು ಹಿಡಿದು ಬಂದರು. ಒಬ್ಬಳ ಅಜ್ಜಿ ಎರಡು ದಿನ ಕುಳಿತು ಮಾಡಿಕೊಟ್ಟ ತೊಡದೇವು ಅದು. ಮಧ್ಯಾಹ್ನ ಆ ಡಬ್ಬಿಯನ್ನು ತೆರೆಯದೆಯೇ ವಾಪಸ್ ಬಸ್ ಹತ್ತಿಸಿದರು. ನಾನು ಗೇಟಿನ ಹತ್ತಿರ ನಿಂತು ನೋಡಿದೆ.

ಸೋಮವಾರ ನಮ್ಮ ಉಪನ್ಯಾಸಕರು ಬೈಯಲಿಲ್ಲ. "ಸಭೆಯ ನಡಾವಳಿ ಕೊಡು. ಯಾರು, ಯಾವ ಕೆಲಸ, ಯಾವ ದಿನದೊಳಗೆ ಎಂದು ಒಪ್ಪಿಕೊಂಡಿದ್ದರು ನೋಡೋಣ" ಎಂದರು. ನನ್ನ ಹತ್ತಿರ ಇದ್ದದ್ದು ನಾಲ್ಕು ನೂರಕ್ಕೂ ಹೆಚ್ಚು ವಾಟ್ಸಾಪ್ ಸಂದೇಶ. ಅದರಲ್ಲಿ ಹೆಚ್ಚಿನವು ಹೆಬ್ಬೆಟ್ಟಿನ ಚಿತ್ರ.

ಸಭೆ ಯಾಕೆ ಸೇರಬೇಕು?

ಸುದ್ದಿ ತಿಳಿಸುವುದು ಮಾತ್ರ ಆದರೆ ನೋಟಿಸ್ ಬೋರ್ಡ್ ಸಾಕು. ಸಭೆ ಬೇಕಾಗುವುದು ಮೂರು ಕೆಲಸಕ್ಕೆ. ಒಂದು, ಕೂಡಿ ನಿರ್ಧಾರ ಮಾಡುವುದಕ್ಕೆ. ಎರಡು, ಕೆಲಸ ಹಂಚುವುದಕ್ಕೆ. ಮೂರು, ಒಬ್ಬರಿಗೆ ಮಾತ್ರ ಗೊತ್ತಿರುವ ತೊಂದರೆ ಎಲ್ಲರಿಗೂ ಗೊತ್ತಾಗುವುದಕ್ಕೆ. ನಾವು ಎರಡು ಸಭೆ ನಡೆಸಿದೆವು. ಪೋಸ್ಟರ್ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಮೂರನೇ ಕೆಲಸಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಸಿಕ್ಕಿದ ಅರ್ಧ ನಿಮಿಷವನ್ನೂ ನಾನೇ ಕಿತ್ತುಕೊಂಡೆ.

ನಮ್ಮ ಮನೆಗಳಲ್ಲಿ ಮಶ್ವರಾ ಎಂಬ ಮಾತು ಬಳಕೆಯಲ್ಲಿದೆ. ಮದುವೆ, ಜಾಗ ಖರೀದಿ, ಮಕ್ಕಳ ಓದು ಯಾವುದೇ ಇರಲಿ, ಮೊದಲು ಮಶ್ವರಾ. ಕುರ್‌ಆನ್‌ನ 42ನೇ ಅಧ್ಯಾಯದ ಹೆಸರೇ ಶೂರಾ, ಅಂದರೆ ಸಮಾಲೋಚನೆ. ಸಮಾಲೋಚನೆ ಎಂದ ಮೇಲೆ ಎಲ್ಲರ ಮಾತನ್ನೂ ಕೇಳಬೇಕು. ಮೊದಲೇ ತೀರ್ಮಾನ ಮಾಡಿಕೊಂಡು ಬಂದು ಓದಿ ಹೇಳಿದರೆ ಅದು ಮಶ್ವರಾ ಆಗುವುದಿಲ್ಲ, ಹುಕುಂ ಆಗುತ್ತದೆ.

ಸಭೆಗೆ ಮೊದಲು

ಕಾರ್ಯಸೂಚಿಯನ್ನು ಪ್ರಶ್ನೆಯಾಗಿ ಬರೆಯಿರಿ. ನಮ್ಮ ಪಟ್ಟಿಯಲ್ಲಿ "ಶಾಮಿಯಾನ", "ಹಣ", "ಪೋಸ್ಟರ್" ಎಂದು ಒಂದೊಂದೇ ಶಬ್ದ ಇತ್ತು. ಅದರ ಬದಲು "ಶಾಮಿಯಾನದ ಮುಂಗಡ 5,000 ರೂಪಾಯಿಯನ್ನು ಬುಧವಾರದೊಳಗೆ ಯಾರು ತಲುಪಿಸುತ್ತಾರೆ? ಈಗ ಕೈಯಲ್ಲಿ ಎಷ್ಟು ಇದೆ?" ಎಂದು ಬರೆದಿದ್ದರೆ ಉತ್ತರ ಕೊಡದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಿದಾಗ ಆ ವಿಷಯ ಮುಗಿಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಯಾರು ಬರಬೇಕು ಎಂದು ಯೋಚಿಸಿ. ಕಂಪನಿ ಕಾಯ್ದೆ 2013ರ ಪ್ರಕಾರ ನಿರ್ದೇಶಕರ ಮಂಡಳಿಯ ಸಭೆಗೆ ಏಳು ದಿನ ಮೊದಲು ಸೂಚನೆ ಕೊಡಬೇಕು. ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಭಾಗ ಅಥವಾ ಇಬ್ಬರು, ಇದರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಇರಲೇಬೇಕು. ಇದೇ ಕೋರಂ. ಕಾಲೇಜಿನ ಸಭೆಗೆ ಇಷ್ಟೆಲ್ಲ ಕಾನೂನು ಬೇಕಿಲ್ಲ. ಆದರೆ ಹಣದ ವಿಷಯ ಮಾತಾಡುವಾಗ ಖಜಾಂಚಿ, ಮಳಿಗೆಯ ವಿಷಯ ಮಾತಾಡುವಾಗ ಪ್ರತಿ ಗುಂಪಿನಿಂದ ಒಬ್ಬರು ಇಲ್ಲದಿದ್ದರೆ ಆ ವಿಷಯ ಎತ್ತಬಾರದು ಎಂಬ ನಿಯಮವನ್ನು ನಾವೇ ಮಾಡಿಕೊಳ್ಳಬಹುದು.

ಸಮಯವನ್ನೂ ನೋಡಿ. ನಾನು ಎರಡೂ ಸಭೆಗಳನ್ನು ಸಂಜೆ ನಾಲ್ಕೂವರೆಗೆ ಇಟ್ಟಿದ್ದೆ. ನನ್ನ ಮನೆ ಶಿರಸಿ ಪೇಟೆಯಲ್ಲೇ ಇದೆ, ನಡೆದು ಹೋದರೆ ಹತ್ತು ನಿಮಿಷ. ಸಿದ್ದಾಪುರ ಕಡೆಯವರಿಗೆ, ಯಲ್ಲಾಪುರ ರಸ್ತೆಯ ಊರುಗಳವರಿಗೆ ಅದೇ ಹೊತ್ತಿಗೆ ಬಸ್. ಅದು ತಪ್ಪಿದರೆ ಕತ್ತಲಾದ ಮೇಲೆ ಇಳಿದು ಮನೆಗೆ ನಡೆಯಬೇಕು. ಅವರು ಸಭೆಗೆ ಬರಲಿಲ್ಲ. "ಅವರಿಗೆ ಆಸಕ್ತಿ ಇಲ್ಲ" ಎಂದುಕೊಂಡೆ. ಆಸಕ್ತಿ ಎಷ್ಟಿತ್ತು ಎಂದು ಆ ತೊಡದೇವು ಡಬ್ಬಿ ನೋಡಿದಾಗ ಗೊತ್ತಾಯಿತು. ಈಗ ನಾವು ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಸೇರುತ್ತೇವೆ.

ಸಭೆ ನಡೆಯುವಾಗ

ಮೊದಲ ಐದು ನಿಮಿಷ ಕೆಟ್ಟ ಸುದ್ದಿಗೆ. "ಎಲ್ಲ ಸರಿ ಇದೆಯಾ?" ಎಂದು ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. "ಯಾವ ಕೆಲಸ ತಡವಾಗಿದೆ? ಯಾರಿಗೆ ಸಹಾಯ ಬೇಕು?" ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಅದೂ ಕಿರಿಯರಿಂದ ಶುರು ಮಾಡಬೇಕು. ದ್ವಿತೀಯ ಪಿಯುನವರು ಮೊದಲು ಮಾತಾಡಿದರೆ ಪ್ರಥಮ ಪಿಯುನವರು ತಲೆ ಆಡಿಸಿ ಸುಮ್ಮನಾಗುತ್ತಾರೆ.

ವಿಷಯ ಬಿಟ್ಟು ಹೋದ ಮಾತನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. "ಇದನ್ನು ಆಮೇಲೆ ನೋಡೋಣ" ಎಂದು ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಬರೆದರೆ, ಹೇಳಿದವರಿಗೂ ತಮ್ಮ ಮಾತಿಗೆ ಬೆಲೆ ಇದೆ ಎನಿಸುತ್ತದೆ.

ಒಪ್ಪಿಗೆ ಇಲ್ಲದವರನ್ನು ಒಮ್ಮೆ ಕೇಳಿ. ನಿರ್ಧಾರ ಮಾಡುವ ಮೊದಲು, "ಇದರಲ್ಲಿ ಏನು ಕೆಡಬಹುದು?" ಎಂಬ ಒಂದೇ ಪ್ರಶ್ನೆ ಸಾಕು.

ಸಭೆ ಮುಗಿದ ಮೇಲೆ

ನಡಾವಳಿ ಎಂದರೆ ಯಾರು ಏನು ಮಾತಾಡಿದರು ಎಂಬ ಕಥೆ ಅಲ್ಲ. ಮೂರು ಕಾಲಂ ಇದ್ದರೆ ಸಾಕು: ಕೆಲಸ, ಹೊಣೆ, ದಿನಾಂಕ. ಹೊಣೆಯ ಕಾಲಂನಲ್ಲಿ ಒಬ್ಬರ ಹೆಸರು ಮಾತ್ರ ಇರಬೇಕು. "ಎಲ್ಲರೂ" ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲ. ದಿನಾಂಕದ ಕಾಲಂನಲ್ಲಿ "ಬೇಗ" ಎಂದು ಬರೆಯಬಾರದು. ಕಂಪನಿಗಳು ನಡಾವಳಿಯನ್ನು 30 ದಿನದೊಳಗೆ ಪುಸ್ತಕಕ್ಕೆ ಏರಿಸಬೇಕು ಎಂದು ಕಾನೂನು ಇದೆ. ನಾವು ಅದೇ ದಿನ ಸಂಜೆಯೊಳಗೆ ಬರೆದು, ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಇನ್ನೊಂದು ಮಾತು. ಸಂದೇಶ ಕಳಿಸಿದೆ ಎಂದರೆ ತಲುಪಿತು ಎಂದಲ್ಲ. ನಮ್ಮ ಮೂರು ತಾಲೂಕಿನ ಎಷ್ಟೋ ಊರುಗಳಲ್ಲಿ ಮಳೆ ಬಂದರೆ, ಕರೆಂಟ್ ಹೋದರೆ ನೆಟ್‌ವರ್ಕ್ ಇರುವುದಿಲ್ಲ. ತುರ್ತು ವಿಷಯವಾದರೆ ಉತ್ತರ ಬರುವವರೆಗೆ ಹೊಣೆ ಕಳಿಸಿದವರದ್ದೇ. ಫೋನ್ ಹತ್ತದಿದ್ದರೆ ಪಕ್ಕದ ಮನೆಯವರಿಗೆ, ಅದೇ ಬಸ್ಸಿಗೆ ಬರುವ ಇನ್ನೊಬ್ಬರಿಗೆ ಹೇಳಿ ಮುಟ್ಟಿಸಬೇಕು.

ಮೇಲಕ್ಕೆ ಒಯ್ಯುವುದು ಎಂದರೇನು?

ನಮ್ಮ ಅಬ್ಬಾ ಗೂಡ್ಸ್ ಗಾಡಿಯಲ್ಲಿ ತೋಟಗಳಿಂದ ಅಡಿಕೆ ಮೂಟೆ ಸಾಗಿಸುತ್ತಾರೆ. ಮೇಳದ ಕಥೆ ಕೇಳಿ ಅವರು ಕೊನೆಗೌಡನ ಮಾತು ಹೇಳಿದರು. ಮರ ಹತ್ತಿ ಕೊನೆ ಇಳಿಸುವವನು, ಮದ್ದು ಹೊಡೆಯುವವನು ಕೊನೆಗೌಡ. ತೋಟದ ಯಜಮಾನರು ನೆಲದ ಮೇಲೆ ನಿಂತಿರುತ್ತಾರೆ. ಮಳೆಗಾಲದಲ್ಲಿ ಕೊಳೆರೋಗ ಮೊದಲು ಕಾಣುವುದು ಕೊನೆಯಲ್ಲಿ. ಅದನ್ನು ಹತ್ತಿರದಿಂದ ನೋಡುವವನು ಕೊನೆಗೌಡ. ಆದರೆ ಮೈಲುತುತ್ತ, ಸುಣ್ಣ ತರಿಸಿ ಬೋರ್ಡೋ ದ್ರಾವಣ ಹೊಡೆಸಬೇಕೋ ಬೇಡವೋ ಎಂದು ನಿರ್ಧರಿಸುವವರು ಯಜಮಾನರು. ಮೇಲಿದ್ದವನು ಕೂಗಿ ಹೇಳಬೇಕು, ಕೆಳಗಿದ್ದವರು ಕೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಉದುರುವುದು ಅಡಿಕೆಯೇ. "ಕೊನೆಗೌಡ ರೋಗ ಬಂದಿದೆ ಎಂದರೆ, ಮರದ ಮೇಲೆ ಚಾಡಿ ಹೇಳಿದ ಎಂದು ಯಾರಾದರೂ ಬೈಯುತ್ತಾರಾ?" ಎಂದು ಅಬ್ಬಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾವುದೇ ಕೆಲಸದಲ್ಲಿ ತೊಂದರೆ ಮೊದಲು ಕಾಣುವುದು ಕೆಲಸದ ಹತ್ತಿರ ಇರುವವರಿಗೆ. ಅದನ್ನು ಸರಿ ಮಾಡುವ ಅಧಿಕಾರ ಹೆಚ್ಚಾಗಿ ಬೇರೆಯವರ ಕೈಯಲ್ಲಿ ಇರುತ್ತದೆ. ಇವೆರಡರ ನಡುವಿನ ದಾರಿಯೇ ಎಸ್ಕಲೇಶನ್.

ಹಾಗಾದರೆ ಚಾಡಿಗೂ ವರದಿಗೂ ವ್ಯತ್ಯಾಸ ಏನು? ನಾನೂ ನಮ್ಮ ಖಜಾಂಚಿಯೂ ಕುಳಿತು ಯೋಚಿಸಿ ನಾಲ್ಕು ಗುರುತು ಬರೆದೆವು.

ಚಾಡಿ ವ್ಯಕ್ತಿಯ ಬಗ್ಗೆ ಇರುತ್ತದೆ. ವರದಿ ಕೆಲಸದ ಬಗ್ಗೆ ಇರುತ್ತದೆ.
ಚಾಡಿಯನ್ನು ಬೆನ್ನ ಹಿಂದೆ ಹೇಳುತ್ತಾರೆ; ವರದಿ ಕೊಡುವ ಮೊದಲು ಸಂಬಂಧಪಟ್ಟವರಿಗೇ ಒಮ್ಮೆ ಹೇಳುತ್ತಾರೆ.
ಚಾಡಿಯನ್ನು ಏನೂ ಮಾಡಲಾಗದವರಿಗೂ ಹೇಳುತ್ತಾರೆ. ವರದಿಯನ್ನು ಸರಿಪಡಿಸಬಲ್ಲವರಿಗೆ ಮಾತ್ರ ಕೊಡುತ್ತಾರೆ.
ಚಾಡಿಯಲ್ಲಿ ಅಂಕಿ, ದಿನಾಂಕ ಇರುವುದಿಲ್ಲ, ವರದಿಯಲ್ಲಿ ಇರುತ್ತದೆ.

ಅವಳ ಮಾತನ್ನು ಈ ನಾಲ್ಕರಲ್ಲಿ ಅಳೆದು ನೋಡಿ. ಅವಳು ಆ ನಾಲ್ಕು ಗುಂಪಿನವರನ್ನು ಮೊದಲೇ ಎರಡೆರಡು ಸಲ ಕೇಳಿದ್ದಳು. ಅಂಕಿ ಅವಳ ಕೈಯಲ್ಲಿ ಇತ್ತು. ಹೇಳಿದ್ದು ಸಂಚಾಲಕಿಗೆ. ನಾಲ್ಕಕ್ಕೆ ನಾಲ್ಕೂ ಸರಿ.

ಪಠ್ಯಪುಸ್ತಕ ಏನು ಹೇಳುತ್ತದೆ?

ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲ್‌ರ 14 ತತ್ವಗಳನ್ನು ಬಾಯಿಪಾಠ ಮಾಡಿದ್ದೇವೆ. ಫಯೋಲ್ ಫ್ರಾನ್ಸಿನ ಗಣಿ ಎಂಜಿನಿಯರ್. 1888ರಲ್ಲಿ ಕಷ್ಟದಲ್ಲಿದ್ದ ಒಂದು ಗಣಿ ಕಂಪನಿಯ ಮುಖ್ಯಸ್ಥರಾಗಿ ಅದನ್ನು ಮೇಲೆತ್ತಿದವರು. ಅವರ ತತ್ವಗಳಲ್ಲಿ ಒಂದು ಸ್ಕೇಲಾರ್ ಚೈನ್, ಅಂದರೆ ಮೇಲಿನಿಂದ ಕೆಳಗಿನವರೆಗೆ ಅಧಿಕಾರದ ಸರಪಳಿ. ಮಾಹಿತಿ ಈ ಸರಪಳಿಯ ಒಂದೊಂದೇ ಕೊಂಡಿ ದಾಟಿ ಹೋಗಬೇಕು.

ಪುಸ್ತಕದ ಚಿತ್ರ ನೆನಪಿಸಿಕೊಳ್ಳಿ. ಮೇಲೆ ಎ. ಒಂದು ಕಡೆ ಬಿ, ಸಿ, ಡಿ, ಇ, ಎಫ್. ಇನ್ನೊಂದು ಕಡೆ ಎಲ್, ಎಂ, ಎನ್, ಓ, ಪಿ. ಇ ಎಂಬುವವರು ತಮ್ಮ ಸಮಾನ ಮಟ್ಟದ ಓ ಎಂಬುವವರಿಗೆ ಒಂದು ಮಾತು ಹೇಳಬೇಕಾದರೆ ಎ ತನಕ ಹತ್ತಿ ಮತ್ತೆ ಇಳಿಯಬೇಕು. ಅದಕ್ಕೆ ತುಂಬಾ ಹೊತ್ತು ಬೇಕು. ಆದ್ದರಿಂದ ತುರ್ತು ಇದ್ದಾಗ ಇಬ್ಬರ ನಡುವೆ ನೇರ ಸೇತುವೆ ಹಾಕಬಹುದು ಎಂದು ಫಯೋಲ್ ಹೇಳಿದರು. ಅದೇ ಗ್ಯಾಂಗ್ ಪ್ಲ್ಯಾಂಕ್. ಐದು ಅಂಕದ ಪ್ರಶ್ನೆ ಎಂದು ಕಲಿತಿದ್ದ ನನಗೆ ಅದು ನಮ್ಮ ವರಾಂಡದಲ್ಲೇ ಇದೆ ಎಂದು ಹೊಳೆದಿರಲಿಲ್ಲ. ಖಜಾಂಚಿಯೂ ಶಾಮಿಯಾನದ ಹೊಣೆ ಹೊತ್ತವನೂ ನೇರವಾಗಿ ಮಾತಾಡಿಕೊಂಡಿದ್ದರೆ, "ಇರುವ 3,500 ಈಗ ಕೊಡುತ್ತೇವೆ, ಉಳಿದದ್ದಕ್ಕೆ ನಾಲ್ಕು ದಿನ ಕೊಡಿ" ಎಂದು ಕೇಳಿ ನೋಡಬಹುದಿತ್ತು. ನಾನು ಎಲ್ಲವೂ ನನ್ನ ಮೂಲಕವೇ ಹೋಗಬೇಕು ಎಂದು ಹೇಳಿಬಿಟ್ಟಿದ್ದೆ. ನಾನು ನಿಂತಲ್ಲೇ ಸರಪಳಿ ನಿಂತಿತು.

ಹಾಗಾದರೆ ಎಲ್ಲ ಸಣ್ಣ ವಿಷಯವನ್ನೂ ಮೇಲಕ್ಕೆ ಒಯ್ಯಬೇಕೇ? ಬೇಡ. ನಿಯಂತ್ರಣದ ಅಧ್ಯಾಯದಲ್ಲಿ ಮ್ಯಾನೇಜ್‌ಮೆಂಟ್ ಬೈ ಎಕ್ಸೆಪ್ಶನ್ ಇದೆ. ಎಷ್ಟು ಏರುಪೇರು ಸಹಜ ಎಂದು ಮೊದಲೇ ಗೊತ್ತು ಮಾಡಿಟ್ಟು, ಅದನ್ನು ದಾಟಿದ್ದನ್ನು ಮಾತ್ರ ಮೇಲಿನವರಿಗೆ ತಿಳಿಸುವುದು. ನಾವು ಈಗ ಮೊದಲ ಸಭೆಯಲ್ಲೇ ಮೂರು ಗೆರೆ ಎಳೆಯುತ್ತೇವೆ. ಕೊಟ್ಟ ದಿನಾಂಕಕ್ಕಿಂತ ಎರಡು ದಿನ ತಡವಾದರೆ, ಹಣ 500 ರೂಪಾಯಿಗಿಂತ ಹೆಚ್ಚು ಕಡಿಮೆ ಬಿದ್ದರೆ ಸಂಚಾಲಕರಿಗೆ ತಿಳಿಸಬೇಕು. ಯಾರದ್ದಾದರೂ ಸುರಕ್ಷತೆಯ ಪ್ರಶ್ನೆ ಇದ್ದರೆ ಸರಪಳಿ ನೋಡಬೇಕಿಲ್ಲ, ಸೀದಾ ಉಪನ್ಯಾಸಕರ ಹತ್ತಿರ ಹೋಗಬೇಕು. ಗೆರೆ ಮೊದಲೇ ಇದ್ದರೆ ಹೇಳುವವರಿಗೆ ಅಳುಕು ಇರುವುದಿಲ್ಲ. "ನಾನು ದೂರುತ್ತಿಲ್ಲ, ನಿಯಮ ಹಾಗಿದೆ" ಎನ್ನಬಹುದು.

ವರದಿ ಬರೆಯುವಾಗ ಐದು ವಾಕ್ಯ ಸಾಕು. ಆಗಿರುವುದು ಏನು, ಇದರಿಂದ ಯಾವ ದಿನ ಏನು ಕೆಡುತ್ತದೆ, ಇಲ್ಲಿಯವರೆಗೆ ನಾನು ಮಾಡಿದ್ದು ಏನು, ಏನು ದಾರಿ ಇದೆ, ನಿಮ್ಮಿಂದ ಯಾವ ನಿರ್ಧಾರ ಯಾವಾಗ ಬೇಕು. ನಮ್ಮ ಖಜಾಂಚಿ ಆಗ ಹೀಗೆ ಬರೆದಿದ್ದರೆ, ನಾನು ಓದಿದ್ದರೆ, ಕಥೆಯೇ ಬೇರೆ ಆಗುತ್ತಿತ್ತು:

"ನಾಲ್ಕು ಗುಂಪಿನಿಂದ ತಲಾ 500 ರೂಪಾಯಿ ಬಂದಿಲ್ಲ, ಕೈಯಲ್ಲಿ 3,500 ಇದೆ. ಬುಧವಾರದೊಳಗೆ 5,000 ಕೊಡದಿದ್ದರೆ ಶಾಮಿಯಾನದ ಬುಕಿಂಗ್ ರದ್ದಾಗಬಹುದು. ನಾಲ್ವರನ್ನೂ ಎರಡು ಸಲ ಕೇಳಿದ್ದೇನೆ. ಅವರು ಕೊಡಬೇಕು, ಇಲ್ಲವೇ ಮಳಿಗೆ ಕಡಿಮೆ ಮಾಡಬೇಕು, ಇಲ್ಲವೇ ಉಪನ್ಯಾಸಕರ ಸಹಾಯ ಕೇಳಬೇಕು. ಯಾವುದು ಎಂದು ನಾಳೆ ಮಧ್ಯಾಹ್ನದೊಳಗೆ ತಿಳಿಸಿ."

ನಮ್ಮೂರಿನವರು ಮಾಡಿ ತೋರಿಸಿದ್ದು

ಇದೆಲ್ಲ ಬೆಂಗಳೂರಿನ ಐಟಿ ಕಂಪನಿಗಳ ವಿಷಯ ಎಂದುಕೊಳ್ಳಬೇಡಿ. ನಮ್ಮ ಊರಿನಲ್ಲೇ ಎರಡು ದೊಡ್ಡ ಉದಾಹರಣೆ ಇವೆ.

ಯಲ್ಲಾಪುರ ಕಡೆಯ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆ ಬಂದಿತ್ತು. ಕಾಡು, ತೋಟ ಮುಳುಗುವ ಭಯ. ಆಗ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಮುಂದೆ ಬಂದಿತು. ಅದೇ ನಾವೆಲ್ಲ ಟಿಎಸ್‌ಎಸ್ ಎನ್ನುವ, 1923ರಲ್ಲಿ ಶುರುವಾದ ಸಂಸ್ಥೆ. 1981ರಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಸಿ, ವಿಜ್ಞಾನಿಗಳನ್ನೂ ಬೇರೆ ವಿಷಯಗಳ ತಜ್ಞರನ್ನೂ ಕರೆಸಿತು. ಯೋಜನೆಯಿಂದ ಬರುವ ಲಾಭ ಎಷ್ಟು, ಹೋಗುವುದು ಎಷ್ಟು ಎಂದು ಲೆಕ್ಕ ಹಾಕಿ ಸರ್ಕಾರದ ಮುಂದೆ ಇಟ್ಟರು. ಆಮೇಲೆ ಆ ಯೋಜನೆ ಕೈಬಿಟ್ಟಿತು. ನನಗೆ ಇದರಲ್ಲಿ ಇಷ್ಟವಾದದ್ದು ಒಂದೇ ವಿಷಯ. ಅವರು "ನಮಗೆ ಅನ್ಯಾಯ" ಎಂದು ಮಾತ್ರ ಹೇಳಲಿಲ್ಲ. ಸಭೆ ಸೇರಿ, ಅಂಕಿ ಸೇರಿಸಿ, ನಿರ್ಧಾರ ಮಾಡುವವರಿಗೆ ತಲುಪಿಸಿದರು. ಈಗ ಬೇಡ್ತಿ–ವರದಾ ನದಿ ಜೋಡಣೆಯ ವಿಷಯದಲ್ಲೂ ಶಿರಸಿ, ಯಲ್ಲಾಪುರದಲ್ಲಿ ಸಭೆಗಳು ನಡೆಯುತ್ತಿವೆ. ಹೋದರೆ ನಡಾವಳಿ ಹೇಗೆ ಬರೆಯುತ್ತಾರೆ ನೋಡಿ.

ಎರಡನೆಯದು ಅಪ್ಪಿಕೋ. ಶಿರಸಿ ತಾಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಮರ ಕಡಿಯುತ್ತಿದ್ದರು. ಊರಿನವರು ಮೊದಲು ಅರಣ್ಯ ಇಲಾಖೆಗೆ ಮನವಿ ಮಾಡಿದರು. ಕಡಿಯುವುದು ನಿಲ್ಲಲಿಲ್ಲ. ಆಮೇಲೆ 1983ರ ಸೆಪ್ಟೆಂಬರ್ 8ರಂದು ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. 38 ದಿನ ಚಳವಳಿ ನಡೆಯಿತು. ಸರ್ಕಾರ ಕಡಿಯುವ ಆದೇಶ ಹಿಂದೆ ಪಡೆಯಿತು. ಮೊದಲ ಮೆಟ್ಟಿಲು ಮನವಿ. ಅದು ಕೇಳದಿದ್ದಾಗ ಮುಂದಿನ ಮೆಟ್ಟಿಲು. ಅಲ್ಲಿಯೂ ಯಾರ ಮೈಮೇಲೆ ಕೈ ಮಾಡದೆ ಮರದ ಸುತ್ತ ಕೈ ಹಾಕಿದರು. ಬೇಡಿಕೆ ಏನು ಎಂಬುದರಲ್ಲಿ ಗೊಂದಲ ಇರಲಿಲ್ಲ.

ಈ ಮೆಟ್ಟಿಲುಗಳನ್ನು ಕಾನೂನಿನಲ್ಲೇ ಬರೆದಿಟ್ಟಿರುವುದೂ ಉಂಟು. ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಕರ್ನಾಟಕದ ಸಕಾಲ ಕಾಯ್ದೆ 2011ರದ್ದು. ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ 15 ಅಂಕಿಯ ಒಂದು ಸಂಖ್ಯೆ ಕೊಡುತ್ತಾರಲ್ಲ, ಅದು ಇದೇ. ಪ್ರತಿ ಸೇವೆಗೂ ಇಷ್ಟು ದಿನ ಎಂದು ಗೊತ್ತಿರುತ್ತದೆ. ತಡವಾದರೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಆ ಚೀಟಿಯನ್ನು ಬಿಸಾಡಬೇಡಿ. ಎರಡೂ ಕಾಯ್ದೆಯಲ್ಲಿ ಯಾರ ಹತ್ತಿರ ಹೋಗಬೇಕು, ಎಷ್ಟು ದಿನ ಕಾಯಬೇಕು, ಆಮೇಲೆ ಯಾರ ಹತ್ತಿರ ಹೋಗಬೇಕು ಎಂಬ ಮೂರೂ ಸ್ಪಷ್ಟವಾಗಿವೆ. ಮೇಲ್ಮನವಿ ಹಾಕಿದವರನ್ನು ಚಾಡಿಕೋರರು ಎಂದು ಕಾನೂನು ಕರೆಯುವುದಿಲ್ಲ. ಅದು ಅವರ ಹಕ್ಕು.

ಕೇಳುವವರ ಕೆಲಸ

ಹೇಳುವುದು ಹೇಗೆ ಎಂದು ಇಷ್ಟು ಬರೆದೆ. ಆದರೆ ನಮ್ಮ ಮೇಳದಲ್ಲಿ ಹೇಳುವವಳು ತಪ್ಪಲಿಲ್ಲ. ತಪ್ಪಿದ್ದು ಕೇಳುವವಳು. ಆದ್ದರಿಂದ ಮುಂದೆ ಸಂಚಾಲಕರಾಗುವವರಿಗೆ ಮೂರು ಮಾತು.

ಕೆಟ್ಟ ಸುದ್ದಿ ತಂದವರಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಸಿಟ್ಟು ಬಂದರೂ ಮೊದಲ ಮಾತು ಅದೇ ಇರಲಿ. ಒಬ್ಬರಿಗೆ ಒಮ್ಮೆ ನಗೆಪಾಟಲು ಮಾಡಿದರೆ ಅವರೊಬ್ಬರೇ ಅಲ್ಲ, ನೋಡುತ್ತಿದ್ದ ಇಪ್ಪತ್ತು ಜನವೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ವಿಷಯದಲ್ಲಿ ನಿಮ್ಮ ಸ್ನೇಹಿತರ ಹೆಸರು ಇದ್ದರೆ ನಿರ್ಧಾರವನ್ನು ಇನ್ನೊಬ್ಬರಿಗೆ ಬಿಡಿ. ನಾನು ಗೆಳತಿಯರ ಮುಖ ಉಳಿಸಲು ಹೋಗಿ, ಹಣ ಕಟ್ಟಿದವರ ಮಳಿಗೆ ಕಳೆದೆ.

ಕೇಳಿದ ಮೇಲೆ ಉತ್ತರ ಕೊಡಿ. "ಆಗುತ್ತದೆ", "ಆಗುವುದಿಲ್ಲ", "ನಾಳೆ ಹನ್ನೆರಡಕ್ಕೆ ಹೇಳುತ್ತೇನೆ", ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. "ನೋಡೋಣ" ಉತ್ತರ ಅಲ್ಲ.

ಮೇಳ ಆದ ಮುಂದಿನ ವಾರ ಖಜಾಂಚಿಯ ಹತ್ತಿರ ಕ್ಷಮೆ ಕೇಳಿದೆ. ಮೊದಲು ಅವಳೊಬ್ಬಳ ಹತ್ತಿರ ಕೇಳಿದ್ದೆ. ಅವಳು, "ನೀನು ಹೇಳಿದ್ದು ಎಲ್ಲರ ಎದುರಿಗೆ" ಎಂದಳು. ಅದೂ ನಿಜ. ಹಾಗಾಗಿ ಸಮಿತಿಯ ಎದುರು ಇನ್ನೊಮ್ಮೆ ಕೇಳಿದೆ. ಈಗ ಬರವಣಿಗೆಯಲ್ಲೂ ಕೇಳುತ್ತಿದ್ದೇನೆ.

ಜನವರಿಯಲ್ಲಿ ಹಳೆ ಪುಸ್ತಕ ವಿನಿಮಯದ ಕೆಲಸವನ್ನು ಇದೇ ಸಮಿತಿ ಮಾಡಿತು. ಎರಡನೇ ಸಭೆಯ ಮೊದಲ ಐದು ನಿಮಿಷದಲ್ಲಿ ಯಲ್ಲಾಪುರ ಕಡೆಯ ಪ್ರಥಮ ಪಿಯು ಹುಡುಗ ಎದ್ದು, "ಲೆಕ್ಕಶಾಸ್ತ್ರದ ಪುಸ್ತಕ ಇಪ್ಪತ್ತು ಕೇಳಿದ್ದಾರೆ, ಬಂದದ್ದು ಆರು. ದ್ವಿತೀಯ ಪಿಯುನವರು ಪರೀಕ್ಷೆ ಮುಗಿಯುವವರೆಗೆ ಕೊಡುವುದಿಲ್ಲ ಎನ್ನುತ್ತಿದ್ದಾರೆ" ಎಂದ. ಹೇಳುವಾಗ ಅವನ ಸ್ವರ ನಡುಗುತ್ತಿತ್ತು. ನಮ್ಮ ಖಜಾಂಚಿಯೇ ಮೊದಲು, "ಹೇಳಿದ್ದು ಒಳ್ಳೆಯದಾಯಿತು" ಎಂದಳು. ಲೆಕ್ಕಶಾಸ್ತ್ರದ ಪುಸ್ತಕಗಳನ್ನು ಮಾತ್ರ ಪರೀಕ್ಷೆ ಮುಗಿದ ಮರುದಿನ ಹಂಚುವುದು ಎಂದು ಹತ್ತು ನಿಮಿಷದಲ್ಲಿ ನಿರ್ಧಾರವಾಯಿತು. ಆ ಕೆಲಸ ಇನ್ನೂ ಮುಗಿದಿಲ್ಲ. ಎಲ್ಲ ಪುಸ್ತಕ ಬರುತ್ತದೆ ಎಂದು ನಾನು ಖಾತರಿ ಕೊಡಲಾರೆ. ಆದರೆ ಎಷ್ಟು ಬಾಕಿ, ಯಾರು ತರಬೇಕು ಎಂಬುದು ನೋಟಿಸ್ ಬೋರ್ಡಿನಲ್ಲಿದೆ.

ಮುಂದಿನ ಡಿಸೆಂಬರ್‌ಗೆ ನಾವು ಈ ಕಾಲೇಜಿನಲ್ಲಿ ಇರುವುದಿಲ್ಲ. ನಡಾವಳಿ ಪುಸ್ತಕವನ್ನು ವಾಣಿಜ್ಯ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇವೆ. ಅದರ ಕೊನೆಯ ಪುಟದಲ್ಲಿ ಒಂದು ಸಾಲು ಇದೆ. ಕೆಲಸ: ಮುಂದಿನ ಮೇಳದಲ್ಲಿ ಮೊದಲ ಮಳಿಗೆಯನ್ನು ಸಿದ್ದಾಪುರ ಕಡೆಯ ಗುಂಪಿಗೆ ಶುಲ್ಕವಿಲ್ಲದೆ ಕೊಡುವುದು. ಹೊಣೆ: ಮುಂದಿನ ಸಂಚಾಲಕರು. ದಿನಾಂಕ: ಮೇಳದ ಮೊದಲ ಸಭೆಯ ದಿನ. ಅದರ ಕೆಳಗೆ ಸಮಿತಿಯವರೆಲ್ಲರ ಸಹಿ ಇದೆ. ಆ ಗುಂಪಿನವರಿಗೆ ವಾಟ್ಸಾಪ್ ಮಾಡಲಿಲ್ಲ, ಕ್ಲಾಸಿಗೆ ಹೋಗಿ ಓದಿ ಹೇಳಿದ್ದೇವೆ. ಮುಂದಿನ ಸಂಚಾಲಕರು ಮರೆತರೆ ಏನು ಮಾಡಬೇಕು ಎಂದು ಅವರು ಕೇಳಿದರು. ಉಪನ್ಯಾಸಕರ ಹತ್ತಿರ ಹೋಗಿ ಈ ಪುಟ ತೋರಿಸಿ ಎಂದೆ. ಅದನ್ನು ಯಾರೂ ಚುಗ್ಲಿ ಎನ್ನಬಾರದು.